ನಾಲ್ಕು ಜನ ಏನೆಂದಾರು?

ಯುದ್ಧದ ಪುಸ್ತಕಗಳು ಗಂಡಸರ ಓದಿಗೆ ಎಂಬ ಅಲಿಖಿತ ಒಪ್ಪಂದವೊಂದು ನಮ್ಮ ಮನೆಗಳಲ್ಲಿದೆ. ಬಹುಕಾಲ ನನ್ನ ಕೈಯೂ ಆ ಕಪಾಟಿನತ್ತ ಹೋಗಿರಲಿಲ್ಲ. ಹೋಗುವಂತೆ ಮಾಡಿದ್ದು ಒಬ್ಬ ತಾಯಿಯ ಮಾತು. 1969ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಹೆಂಗಸೊಬ್ಬಳು, ತಾನು ಸೈನ್ಯಕ್ಕೆ ಒಳ್ಳೆಯ ಹುಡುಗನನ್ನು ಕಳಿಸಿಕೊಟ್ಟಿದ್ದೆ, ಅವರು ಅವನನ್ನು ಕೊಲೆಗಾರನನ್ನಾಗಿ ಮಾಡಿದರು ಎಂದು ಪತ್ರಕರ್ತನ ಮುಂದೆ ಹೇಳಿಕೊಂಡಳು. ಮಗನನ್ನು ಬಿಟ್ಟುಕೊಡಲೂ ಆಗದ, ಸಮರ್ಥಿಸಿಕೊಳ್ಳಲೂ ಆಗದ ಸಂಕಟ ಅದು. ಸೈನಿಕನ ನೈತಿಕ ಹೊಣೆ ಎಷ್ಟು ಎಂಬ ಬಗ್ಗೆ ಆ ದೇಶದಲ್ಲಿ ನಡೆದ ದೊಡ್ಡ ಚರ್ಚೆಯಲ್ಲಿ ವಕೀಲರು, ರಾಜಕಾರಣಿಗಳು, ಪಂಡಿತರು ಆಡಿದ್ದನ್ನೆಲ್ಲ ಓದಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಆಕೆಯ ಮಾತಿನ ಒಂದು ಪದ: ‘ಅವರು’. ಅವರು ಅಂದರೆ ಯಾರು?

ಆಕೆಯ ಮಗ ಪಾಲ್ ಮೆಡ್ಲೊ. 1968ರ ಮಾರ್ಚ್ 16ರ ಬೆಳಿಗ್ಗೆ ವಿಯೆಟ್ನಾಮಿನ ಕ್ವಾಂಗ್ ಙಾಯ್ ಪ್ರಾಂತ್ಯದ ಮೈ ಲಾಯ್ ಎಂಬ ಊರನ್ನು ಹೊಕ್ಕ ಅಮೆರಿಕನ್ ತುಕಡಿಯಲ್ಲಿದ್ದವನು. ಅಲ್ಲಿ ಅವರಿಗೆ ಶತ್ರು ಸೈನಿಕರು ಸಿಗಲಿಲ್ಲ. ಸಿಕ್ಕವರು ಮುದುಕರು, ಹೆಂಗಸರು, ಮಕ್ಕಳು, ಕಂಕುಳ ಕೂಸುಗಳು. ಹಲವು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಜನರನ್ನು ಕಾಲುವೆಯೊಂದಕ್ಕೆ ಇಳಿಸಿ ಗುಂಡು ಹಾರಿಸಲಾಯಿತು. ಸತ್ತವರು ವಿಯೆಟ್ನಾಮಿನ ಲೆಕ್ಕದಲ್ಲಿ 504, ಅಮೆರಿಕದ ಸೇನೆಯ ಲೆಕ್ಕದಲ್ಲಿ 347. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟಿದ್ದ ಈ ಸಂಗತಿಯನ್ನು 1969ರ ನವೆಂಬರಿನಲ್ಲಿ ಹೊರಗೆಳೆದವರು ಸೆಮೂರ್ ಹರ್ಷ್ ಎಂಬ ಪತ್ರಕರ್ತ. ಅದೇ ತಿಂಗಳು ಮೆಡ್ಲೊ ಟೆಲಿವಿಷನ್ನಿನಲ್ಲಿ ಕುಳಿತು ತಾನು ಮಾಡಿದ್ದನ್ನು ಒಪ್ಪಿಕೊಂಡ.

1971ರ ಮಾರ್ಚಿಯಲ್ಲಿ ಸೇನಾ ನ್ಯಾಯಾಲಯ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 22 ಜನರನ್ನು ಕೊಂದದ್ದು ನಿಜವೆಂದು ತೀರ್ಪು ಕೊಟ್ಟು ಜೀವಾವಧಿ ಶಿಕ್ಷೆ ವಿಧಿಸಿತು. ಆಗ ಆ ದೇಶ ಎದ್ದು ನಿಂತದ್ದು ಸತ್ತವರ ಪರವಾಗಿ ಅಲ್ಲ, ಕ್ಯಾಲಿಯ ಪರವಾಗಿ. ಅಧ್ಯಕ್ಷರ ಕಚೇರಿಗೆ ತಂತಿಗಳ ಮಳೆಯೇ ಸುರಿಯಿತು. ಅವನನ್ನು ಹೊಗಳುವ ಹಾಡಿನ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅಧ್ಯಕ್ಷ ನಿಕ್ಸನ್ ಅವನನ್ನು ಸೆರೆಮನೆಯಿಂದ ಗೃಹಬಂಧನಕ್ಕೆ ವರ್ಗಾಯಿಸಿದರು. ಇದನ್ನು ವಿರೋಧಿಸಿ ಸರಕಾರಿ ವಕೀಲ, ತಾನೇ ಸೇನಾಧಿಕಾರಿಯಾಗಿದ್ದ ಆಬ್ರಿ ಡೇನಿಯಲ್, ನೇರವಾಗಿ ನಿಕ್ಸನ್ನರಿಗೇ ಪತ್ರ ಬರೆದ. ಶಿಕ್ಷೆ ಇಪ್ಪತ್ತು ವರ್ಷಕ್ಕೆ ಇಳಿಯಿತು, ಹತ್ತಕ್ಕೆ ಇಳಿಯಿತು. 1974ರಲ್ಲಿ ಕ್ಯಾಲಿ ಬಿಡುಗಡೆಯಾದ. ಅಷ್ಟು ಸಾವಿಗೆ ಶಿಕ್ಷೆಯಾದದ್ದು ಅವನೊಬ್ಬನಿಗೇ.

ಈ ಚರ್ಚೆಯಲ್ಲಿ ವಿಚಿತ್ರವೊಂದಿದೆ. ಯುದ್ಧ ಬೇಕೆನ್ನುವವರು, ಹುಡುಗ ಆಜ್ಞೆ ಪಾಲಿಸಿದ, ಅವನ ತಪ್ಪೇನು ಎಂದರು. ಯುದ್ಧ ಬೇಡವೆನ್ನುವವರಲ್ಲಿ ಅನೇಕರು, ನಿಜವಾದ ಅಪರಾಧಿಗಳು ಮೇಲೆ ಕುಳಿತಿದ್ದಾರೆ, ಈ ಸಣ್ಣವನನ್ನು ಬಲಿಗೊಡಬೇಡಿ ಎಂದರು. ಎರಡು ಕಡೆಯವರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಟ್ಟೆಯ ಮೇಲೆ ಕುಳಿತರು. ಮೇಲಿನವರನ್ನು ಯಾರೂ ಹಿಡಿಯಲಿಲ್ಲ, ಕೆಳಗಿನವರನ್ನು ಬಿಟ್ಟುಬಿಟ್ಟರು. ಹೊಣೆ ಎಂಬುದು ಕೈಯಿಂದ ಕೈಗೆ ದಾಟುತ್ತ ದಾಟುತ್ತ ಕಾಣೆಯಾಯಿತು. ಭಾರತದ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಭೀಷ್ಮ ದ್ರೋಣರಂಥವರೇ ಅನ್ನದ ಋಣ ಎಂದು ತಲೆ ತಗ್ಗಿಸಿದರು. ಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದು ಮಾತನಾಡಿದ ವಿಕರ್ಣ ಕೂಡ ಕೊನೆಗೆ ಅಣ್ಣನ ಪಕ್ಷದಲ್ಲೇ ನಿಂತು ಸತ್ತ. ತಿಳಿದೂ ತಿಳಿದೂ ತಪ್ಪಿನ ಕಡೆ ನಿಲ್ಲುವಂತೆ ಮನುಷ್ಯನನ್ನು ಹಿಡಿದಿಡುವ ಹಗ್ಗ ಯಾವುದು?

ಈ ಪ್ರಶ್ನೆಗೆ ನನಗೆ ಉತ್ತರ ಹೊಳೆಯಿಸಿದ್ದು ಒಂದು ಕತೆ. ಟಿಮ್ ಓಬ್ರಿಯನ್ ಮಿನೆಸೋಟದ ಸಣ್ಣ ಊರಿನವರು. 1968ರಲ್ಲಿ ಕಡ್ಡಾಯ ಸೇನಾಸೇವೆಗೆ ಕರೆ ಬಂದು, ಮೈ ಲಾಯ್ ಹತ್ಯೆ ನಡೆದ ಮರುವರ್ಷ ಅದೇ ಪ್ರಾಂತ್ಯಕ್ಕೆ ಸೈನಿಕರಾಗಿ ಹೋದವರು. 1990ರಲ್ಲಿ ಬಂದ ಅವರ ‘ದ ಥಿಂಗ್ಸ್ ದೇ ಕ್ಯಾರೀಡ್’ ಎಂಬ ಪುಸ್ತಕದಲ್ಲಿ ‘ಆನ್ ದ ರೇನಿ ರಿವರ್’ ಎಂಬ ಕತೆಯಿದೆ. ಯುದ್ಧ ತಪ್ಪೆಂದು ನಂಬಿದ ಹುಡುಗನೊಬ್ಬನಿಗೆ ಸೇನೆಯ ಕರೆ ಬರುತ್ತದೆ. ಹಂದಿ ಕಡಿಯುವ ಕಾರ್ಖಾನೆಯಲ್ಲಿ ಅವನ ಕೆಲಸ. ಎಷ್ಟು ತಿಕ್ಕಿ ತೊಳೆದರೂ ಮೈಗೆ ಹತ್ತಿದ ವಾಸನೆ ಹೋಗುವುದಿಲ್ಲ. ಒಂದು ದಿನ ಕೆಲಸ ಬಿಟ್ಟು ಕಾರು ಹತ್ತಿ ಕೆನಡಾದ ಗಡಿಗೆ ಓಡುತ್ತಾನೆ. ಗಡಿಯ ನದಿಯ ದಡದಲ್ಲಿ ವಸತಿಗೃಹ ನಡೆಸುವ ಮುದುಕನೊಬ್ಬ ಏನೂ ಕೇಳದೆ ಅವನಿಗೆ ಆರು ದಿನ ಊಟ ಹಾಕುತ್ತಾನೆ. ಕೊನೆಯ ದಿನ ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡದ ಸಮೀಪಕ್ಕೆ ಒಯ್ದು, ತಾನು ಮೀನು ಹಿಡಿಯುವವನಂತೆ ಬೆನ್ನು ತಿರುಗಿಸಿ ಕೂರುತ್ತಾನೆ. ಹಾರಿದರೆ ಹುಡುಗ ಸ್ವತಂತ್ರ. ಅವನು ಹಾರುವುದಿಲ್ಲ, ಅಳುತ್ತಾನೆ. ದಡದ ಮೇಲೆ ಅವನ ಇಡೀ ಊರು ಕಣ್ಣಿಗೆ ಕಟ್ಟುತ್ತದೆ. ಅಪ್ಪ ಅಮ್ಮ, ಅತ್ತೆ ಮಾವಂದಿರು, ಶಾಲೆಯ ಮೇಷ್ಟರುಗಳು, ಹಳೆಯ ಗೆಳತಿಯರು ಎಲ್ಲರೂ ನಿಂತು ನೋಡುತ್ತಿದ್ದಾರೆ. ಆ ಕಣ್ಣುಗಳನ್ನು ಎದುರಿಸಲಾರದೆ ಅವನು ಹಿಂದಿರುಗಿ ಯುದ್ಧಕ್ಕೆ ಹೋಗುತ್ತಾನೆ. ಅವನ ಲೆಕ್ಕದಲ್ಲಿ ಓಡಿಹೋಗುವುದು ಹೇಡಿತನವಲ್ಲ, ನಾಚಿಕೆಗೆ ಹೆದರಿ ಯುದ್ಧಕ್ಕೆ ಹೋದದ್ದೇ ಹೇಡಿತನ.

ಓದುವ ಗೆಳತಿಯರೇ, ಈ ಹಗ್ಗ ನಮಗೆ ಗೊತ್ತಿಲ್ಲದ್ದೇ? ನಾಲ್ಕು ಜನ ಏನೆಂದಾರು ಎಂಬ ಮಾತಿಗೆ ಅಂಜಿ ಎಷ್ಟು ಮದುವೆಗಳು ನಡೆದಿಲ್ಲ, ಎಷ್ಟು ಹೆಣ್ಣುಮಕ್ಕಳು ತವರಿಗೆ ಬರಲಾರದೆ ಉಳಿದಿಲ್ಲ? ಆ ಹಗ್ಗದ ಬಿಗಿ ನಮಗೆ ಗೊತ್ತು. ಅದರ ಒಂದು ತುದಿ ನಮ್ಮ ಕೈಯಲ್ಲೂ ಇದೆಯೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಇಂಡಿಯಾನಾದ ತಾಯಿ ‘ಅವರು’ ಎಂದಾಗ ಸೇನೆಯನ್ನು, ಸರಕಾರವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅದು ಸುಳ್ಳಲ್ಲ. ಆದರೆ ಬೀಳ್ಕೊಡುವಾಗ ಬೆನ್ನು ತಟ್ಟಿದವರು, ಹೋಗದಿದ್ದರೆ ಮುಖ ತಿರುಗಿಸುತ್ತಿದ್ದವರು, ಕ್ಯಾಲಿಗಾಗಿ ಹಾಡು ಕೊಂಡವರು, ಇವರೆಲ್ಲರೂ ಆ ‘ಅವರು’ ಎಂಬುದರೊಳಗೆ ಸೇರುತ್ತಾರೆ. ಅಂದಿನ ಚರ್ಚೆ ಮೇಲಿನವನೋ ಕೆಳಗಿನವನೋ ಎಂದು ಜಗಳವಾಡುತ್ತ ನಡುವೆ ನಿಂತ ಊರನ್ನು ಎಣಿಸುವುದನ್ನೇ ಮರೆಯಿತು.

ಊರಿನ ಕಣ್ಣನ್ನು ಲೆಕ್ಕಕ್ಕಿಡದವನೂ ಅಂದು ಮೈ ಲಾಯ್‌ನಲ್ಲಿದ್ದ. ಹ್ಯೂ ಥಾಂಪ್ಸನ್, 24 ವರ್ಷದ ಹೆಲಿಕಾಪ್ಟರ್ ಚಾಲಕ. ಕೆಳಗೆ ನಡೆಯುತ್ತಿರುವುದನ್ನು ಕಂಡು ತನ್ನವರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಎಂದು ಜೊತೆಯ ಇಬ್ಬರಿಗೆ ಆಜ್ಞೆ ಕೊಟ್ಟ. ಬೆರಳೆಣಿಕೆಯ ಜನ ಬದುಕಿದರು. ಜೊತೆಗಾರ ಗ್ಲೆನ್ ಆಂಡ್ರಿಯೊಟ್ಟಾ ಹೆಣಗಳ ಕಾಲುವೆಗೆ ಇಳಿದು ಜೀವವಿದ್ದ ಮಗುವೊಂದನ್ನು ಎತ್ತಿ ತಂದ. ಆಜ್ಞೆಯ ಮುಂದೆ ಸೈನಿಕನಿಗೆ ಬೇರೆ ದಾರಿಯೇ ಇಲ್ಲ ಎಂಬ ವಾದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ. ಆದರೆ ಥಾಂಪ್ಸನ್ನನಿಗೆ ಊರು ಕೊಟ್ಟ ಮರ್ಯಾದೆ ಏನು? ಕೊಲೆ ಬೆದರಿಕೆ, ಮನೆ ಬಾಗಿಲಲ್ಲಿ ಸತ್ತ ಪ್ರಾಣಿಗಳು. ಶಿಕ್ಷೆಯಾಗಬೇಕಾದವನು ಇವನೊಬ್ಬನೇ ಎಂದು ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷನೇ ಹೇಳಿದ. ಪದಕ ಸಿಕ್ಕಿದ್ದು 1998ರಲ್ಲಿ, ಮೂವತ್ತು ವರ್ಷದ ಮೇಲೆ.

ಓಬ್ರಿಯನ್ನರ ಪುಸ್ತಕವನ್ನು ಮೆಚ್ಚಿಕೊಂಡೂ ನನಗೆ ಅವರೊಡನೆ ಒಂದು ಜಗಳವಿದೆ. ಅದೇ ಪುಸ್ತಕದ ಇನ್ನೊಂದು ಕತೆಯಲ್ಲಿ, ಗೆಳೆಯನನ್ನು ಕಳೆದುಕೊಂಡ ಸೈನಿಕನೊಬ್ಬ ಎಮ್ಮೆಯ ಎಳೆಗರುವೊಂದನ್ನು ಹಿಂಸಿಸಿ ಹಿಂಸಿಸಿ ಗುಂಡಿಕ್ಕುತ್ತಾನೆ. ಈ ಕತೆ ಹೇಳಿದಾಗಲೆಲ್ಲ ಯಾರಾದರೂ ಹತ್ತಿರ ಬರುತ್ತಾರೆ, ಅದು ಯಾವಾಗಲೂ ಒಬ್ಬ ಹೆಂಗಸೇ, ಬಹುತೇಕ ವಯಸ್ಸಾದ ಮೃದು ಮನಸ್ಸಿನವಳು, ಕರುವಿಗಾಗಿ ಮರುಗುತ್ತಾಳೆ, ಅವಳು ಕತೆಯನ್ನು ಕೇಳಿಸಿಕೊಂಡೇ ಇಲ್ಲ ಎಂದು ನಿರೂಪಕ ಸಿಡುಕುತ್ತಾನೆ, ಮನಸ್ಸಿನಲ್ಲೇ ಒಂದು ಕೆಟ್ಟ ಬೈಗುಳವನ್ನೂ ಬೈಯುತ್ತಾನೆ. ಆ ಹೆಂಗಸು ನಾನೇ ಎಂದುಕೊಂಡು ಉತ್ತರ ಕೊಡುತ್ತೇನೆ. ಕೇಳಿಸಿಕೊಂಡಿದ್ದೇನಪ್ಪಾ. ಗೆಳೆಯ ಸತ್ತ ಸಂಕಟ ಕರುವಿನ ಮೇಲೆ ತಿರುಗಿತೆಂಬುದು ನನಗೂ ತಿಳಿಯಿತು. ಆದರೆ ಆ ಕರುವನ್ನು ಕಟ್ಟಿ ಸಾಕಿದವಳೊಬ್ಬಳು ಇದ್ದಿರಬೇಕಲ್ಲ, ಅವಳು ನಿನ್ನ ಕತೆಯಲ್ಲಿ ಎಲ್ಲಿದ್ದಾಳೆ? ಓಬ್ರಿಯನ್ ನಿರ್ದಯಿಗಳಲ್ಲ. ಕೊಂದ ಯುವಕನಿಗಾಗಿ ಒಂದು ಬಾಲ್ಯವನ್ನು, ಓದನ್ನು, ಪ್ರೀತಿಯನ್ನು ಕಟ್ಟಿಕೊಡುತ್ತಾರೆ. ಆದರೆ ಅದೂ ಕೊಂದವನ ಊಹೆಯೇ. ಸೈನಿಕನ ಪಶ್ಚಾತ್ತಾಪ ಎಷ್ಟು ಜಾಗ ಹಿಡಿಯುತ್ತದೆಂದರೆ ಸತ್ತವರಿಗೆ ನಿಲ್ಲಲೂ ಸ್ಥಳವಿಲ್ಲ.

ಹಾಗಾಗಿ ಈ ಪುಸ್ತಕದ ಪಕ್ಕದಲ್ಲಿ ನಾನು ಇನ್ನೊಂದನ್ನು ಇಟ್ಟುಕೊಂಡಿದ್ದೇನೆ. ಹನೋಯಿಯ ಡಾಂಗ್ ಥುಯಿ ಟ್ರಾಮ್ ಎಂಬ ಯುವ ವೈದ್ಯೆ ಅದೇ ಕ್ವಾಂಗ್ ಙಾಯ್ ಪ್ರಾಂತ್ಯದಲ್ಲಿ ಗಾಯಾಳುಗಳ ಆರೈಕೆ ಮಾಡುತ್ತ ಬರೆದ ದಿನಚರಿ ಅದು. 1970ರ ಜೂನ್‌ನಲ್ಲಿ, 27ನೆಯ ವಯಸ್ಸಿಗೆ, ಅಮೆರಿಕನ್ನರ ಗುಂಡಿಗೆ ಆಕೆ ಬಲಿಯಾದಳು. ಸಿಕ್ಕ ಕಾಗದಗಳಲ್ಲಿ ಉಪಯೋಗವಿಲ್ಲದ್ದನ್ನು ಸುಡುವುದು ಫ್ರೆಡ್ ವೈಟ್‌ಹರ್ಸ್ಟ್ ಎಂಬ ಅಮೆರಿಕನ್ ಸೈನಿಕನ ಕೆಲಸ. ಇದನ್ನು ಸುಡಬೇಡ, ಇದರಲ್ಲಿ ಆಗಲೇ ಬೆಂಕಿಯಿದೆ ಎಂಬ ಅರ್ಥದ ಮಾತನ್ನು ಅವನ ವಿಯೆಟ್ನಾಮಿ ದುಭಾಷಿ ಹೇಳಿದ. ನಿಯಮ ಮುರಿದು ಅವನು ಅದನ್ನು ಮನೆಗೆ ಒಯ್ದ, ಮೂವತ್ತೈದು ವರ್ಷ ಕಾಪಾಡಿದ. 2005ರಲ್ಲಿ ಅದು ಹನೋಯಿಯ ತಾಯಿಯನ್ನು ತಲುಪಿತು. ವಿಯೆಟ್ನಾಮಿನಲ್ಲಿ ಅಚ್ಚಾಗಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು.

ಈ ವೈದ್ಯೆ ದೇವತೆಯಲ್ಲ. ಶತ್ರುವಿನ ಮೇಲೆ ಅವಳಿಗೆ ಸುಡುವ ದ್ವೇಷವಿದೆ, ತನ್ನ ಪಕ್ಷ ತನ್ನನ್ನು ನಂಬಲಿಲ್ಲವೆಂಬ ಬೇಸರವಿದೆ, ಅಮ್ಮನ ನೆನಪಿದೆ. ಅದಕ್ಕೇ ಅವಳು ಬೇಕು. ಅವಳು ಯಾರ ಪಶ್ಚಾತ್ತಾಪಕ್ಕೂ ಸಾಮಗ್ರಿಯಲ್ಲ, ತನ್ನ ಮಾತನ್ನು ತಾನೇ ಆಡುತ್ತಾಳೆ.

ಕ್ಯಾಲಿ 2009ರಲ್ಲಿ ಜಾರ್ಜಿಯಾದ ಸಭೆಯೊಂದರಲ್ಲಿ ಕ್ಷಮೆ ಕೇಳಿದ. ಜೊತೆಗೆ ತಾನು ಆಜ್ಞೆ ಪಾಲಿಸಿದ್ದಾಗಿಯೂ ಹೇಳಿದ. 2024ರಲ್ಲಿ ತೀರಿಕೊಂಡ. ಅವನ ಲೆಕ್ಕ ಅಲ್ಲಿಗೆ ಮುಗಿಯಿತೆನ್ನೋಣ. ದಡದಲ್ಲಿ ನಿಂತು ನೋಡುವವರ ಲೆಕ್ಕ ಹಾಗೆ ಮುಗಿಯುವುದಲ್ಲ. ಯಾವ ಮನೆಯ ಹುಡುಗನಾದರೂ ಇದು ನನ್ನಿಂದಾಗದು ಎಂದು ತಪ್ಪಿಗೆ ಬೆನ್ನು ತಿರುಗಿಸಿ ಬಂದಾಗ, ಅವನಿಗೆ ಬಾಗಿಲು ತೆರೆದು, ಏನೂ ಕೇಳದೆ ಒಂದು ತಟ್ಟೆ ಊಟ ಹಾಕುವ ಮುದುಕ ಆ ಕತೆಯಲ್ಲಿದ್ದಾನೆ. ಓದಿ ಮುಗಿಸಿದ ಮೇಲೆ ನನಗೆ ಸೈನಿಕನಿಗಿಂತ ಹೆಚ್ಚು ನೆನಪಾಗುವವನು ಅವನೇ.