‘ಐರನಿ’ಯ ಲಕ್ಷಣ: ಒಂದು ಪರಿಶೀಲನೆ

ಪ್ರೌಢಶಾಲೆಯ ಇಂಗ್ಲಿಷ್ ಪಾಠಗಳಲ್ಲಿ ಬರುವ ಸಿಮಿಲಿ, ಮೆಟಫರ್ ಮೊದಲಾದ ಪಾರಿಭಾಷಿಕ ಪದಗಳನ್ನು ನಮ್ಮ ವಿದ್ಯಾರ್ಥಿಗಳು ಉಪಮೆ, ರೂಪಕಗಳ ನೆರವಿನಿಂದ ಸುಲಭವಾಗಿ ಗ್ರಹಿಸುತ್ತಾರೆ. ತೊಡಕುಂಟಾಗುವುದು ‘ಐರನಿ’ಯ ವಿಷಯದಲ್ಲಿ. ಇದನ್ನು ಕನ್ನಡದಲ್ಲಿ ‘ವ್ಯಂಗ್ಯ’ವೆನ್ನುವ ರೂಢಿಯುಂಟು, ಆದರೆ ಧ್ವನಿಸಿದ್ಧಾಂತದಲ್ಲಿ ಆ ಮಾತು ಸೂಚಿತವಾದ ಅರ್ಥಕ್ಕೆಲ್ಲ ಸಲ್ಲತಕ್ಕದ್ದು. ‘ಹೇಳಿದುದಕ್ಕೆ ವಿರುದ್ಧವಾದುದನ್ನು ಉದ್ದೇಶಿಸುವುದು’ ಎಂಬ ಪ್ರಚಲಿತ ಲಕ್ಷಣವು ನಮ್ಮ ವಿಪರೀತಲಕ್ಷಣೆಗೆ ಸಮೀಪವಾದುದು. ಈ ಲಕ್ಷಣ ಸಾಕೆ ಎಂಬುದನ್ನು ಒಂದು ನಿದರ್ಶನದಿಂದ ಪರಿಶೀಲಿಸೋಣ.

ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲಿನ ಡೀನ್ ಆಗಿದ್ದ ಜೊನಾಥನ್ ಸ್ವಿಫ್ಟನು 1729ರಲ್ಲಿ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ ಕಿರುಹೊತ್ತಗೆಯನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದನು. ಐರ್ಲೆಂಡಿನ ಬಡವರಿಗೆ ವರ್ಷಂಪ್ರತಿ 1,20,000 ಮಕ್ಕಳು ಹುಟ್ಟುವರೆಂದೂ, ಅವರಲ್ಲಿ 20,000 ಮಂದಿಯನ್ನು ಸಂತಾನಕ್ಕಾಗಿ ಉಳಿಸಿಕೊಂಡು ಮಿಕ್ಕ 1,00,000 ಮಂದಿಯನ್ನು ಒಂದು ವರ್ಷದ ಪ್ರಾಯದಲ್ಲಿ ಸಿರಿವಂತರ ಊಟಕ್ಕೆ ಮಾರಬಹುದೆಂದೂ ಅಲ್ಲಿಯ ವಕ್ತಾರನು ಲೆಕ್ಕ ಒಪ್ಪಿಸುತ್ತಾನೆ.

ಮೇಲಿನ ಲಕ್ಷಣವನ್ನು ಇಲ್ಲಿ ಅನ್ವಯಿಸಿದರೆ ದೊರೆಯುವ ತಾತ್ಪರ್ಯ, ‘ಮಕ್ಕಳನ್ನು ತಿನ್ನಬಾರದು’ ಎಂಬುದಷ್ಟೆ. ಇದನ್ನು ಯಾರಿಗೂ ಬೋಧಿಸಬೇಕಾಗಿರಲಿಲ್ಲ. ಸ್ವಿಫ್ಟನ ಗುರಿ ಆ ಲೆಕ್ಕದ ಭಾಷೆಯೇ. 17ನೆಯ ಶತಮಾನದಲ್ಲಿ ವಿಲಿಯಂ ಪೆಟ್ಟಿಯು ಬೆಳೆಸಿದ ‘ರಾಜಕೀಯ ಅಂಕಗಣಿತ’ವು ಪ್ರಜೆಗಳನ್ನು ರಾಷ್ಟ್ರದ ಸಂಪತ್ತಿನ ಬಾಬುಗಳಂತೆ ಎಣಿಸಿತ್ತು. ಅಂಥ ಎಣಿಕೆ ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು ಸೌಮ್ಯನೂ ಲೋಕಹಿತೈಷಿಯೂ ಆದ ಕಲ್ಪಿತ ವಕ್ತಾರನ ಬಾಯಿಂದಲೇ ಸ್ವಿಫ್ಟನು ತೋರಿಸಿದನು. ವಿರೋಧವಿರುವುದು ಪದಕ್ಕೂ ಅರ್ಥಕ್ಕೂ ಅಲ್ಲ, ವಕ್ತಾರನಿಗೂ ಗ್ರಂಥಕರ್ತನಿಗೂ.

ಪ್ರಚಲಿತ ಲಕ್ಷಣವು ಸರಿಯಾಗಿ ಹೊಂದುವುದು ಒಂದು ಭಾಗಕ್ಕೆ ಮಾತ್ರ. ಹೊರನಾಡಿನಲ್ಲಿ ನೆಲಸಿದ ಭೂಮಾಲೀಕರ ಮೇಲೆ ತೆರಿಗೆ, ಸ್ವದೇಶದ ಸರಕಿನ ಬಳಕೆ, ಗೇಣಿದಾರರಲ್ಲಿ ದಯೆ ಮೊದಲಾದ ಉಪಾಯಗಳ ಮಾತನ್ನೇ ಎತ್ತಬೇಡಿರೆಂದು ವಕ್ತಾರನು ಕೊನೆಯಲ್ಲಿ ತಳ್ಳಿಹಾಕುತ್ತಾನೆ. ಐರಿಷ್ ಸರಕನ್ನೇ ಬಳಸಬೇಕೆಂದು ಸ್ವಿಫ್ಟನು 1720ರಲ್ಲಿಯೇ ವಾದಿಸಿದ್ದನು. ಆ ಹೊತ್ತಗೆಯ ಮುದ್ರಕನ ಮೇಲೆ ಮೊಕದ್ದಮೆಯೂ ನಡೆದಿತ್ತು. ಇದನ್ನರಿತ ಓದುಗನಿಗೆ ಇಲ್ಲಿ ತಳ್ಳಿಹಾಕಿದುದೇ ಗ್ರಂಥಕರ್ತನ ನಿಜವಾದ ಸಲಹೆಯೆಂಬುದು ಸ್ಪಷ್ಟವಾಗುತ್ತದೆ. ಅರಿಯದವನು ಅದನ್ನು ಬರಿಯ ನಿರಾಕರಣೆಯೆಂದು ದಾಟಿಹೋಗಬಹುದು.

ಆದುದರಿಂದ ಲಕ್ಷಣವಾಕ್ಯವನ್ನು ಕಂಠಪಾಠ ಮಾಡಿಸುವುದರಿಂದ ಐರನಿಯ ಬೋಧೆ ಮುಗಿಯದು. ‘ಇದು ಯಾವ ಅಲಂಕಾರ?’ ಎಂದು ಕೇಳುವ ಮುನ್ನ ‘ಆಡುತ್ತಿರುವವನು ಯಾರು? ಯಾರಿಗೆ? ಯಾವ ಕಾಲದಲ್ಲಿ?’ ಎಂದು ಕೇಳುವುದು ಅಗತ್ಯ. ಇವು ಇತಿಹಾಸದ ಪ್ರಶ್ನೆಗಳೂ ಹೌದು. ಇವನ್ನು ಕೇಳದೆ ಹಳೆಯ ಪತ್ರಗಳನ್ನು ಓದಿದರೆ, ಖಂಡನೆಯನ್ನು ಸಮ್ಮತಿಯೆಂದು ಬಗೆದು, ಅನ್ಯಾಯವನ್ನು ಬಯಲಿಗೆಳೆದವನ ಮೇಲೆಯೇ ಆ ಅನ್ಯಾಯವನ್ನು ಹೊರಿಸಿದಂತಾದೀತು.