ಕರಿಕೋಟು ತೊಟ್ಟವಳ ಮಾತು

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಕೈಪಿಡಿಯನ್ನು ಹೊರತಂದಿತು. ಹೆಣ್ಣಿನ ಬಗ್ಗೆ ನ್ಯಾಯಾಲಯಗಳಲ್ಲಿ ಬಳಕೆಯಾಗುತ್ತ ಬಂದ ಸವಕಲು ಮಾತುಗಳನ್ನು ಪಟ್ಟಿ ಮಾಡಿ, ಅವುಗಳ ಬದಲಿಗೆ ಏನನ್ನು ಬಳಸಬೇಕೆಂದು ಹೇಳುವ ಪುಸ್ತಕ ಅದು. 'ಶೀಲವಂತ ಹೆಣ್ಣು' ಎನ್ನಬೇಡಿ, ಹೆಣ್ಣು ಎಂದರೆ ಸಾಕು. 'ಈವ್ ಟೀಸಿಂಗ್' ಎಂಬ ಹಗುರ ಮಾತು ಬೇಡ, ಅದು ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ ಎಂದೇ ಹೇಳಿ. ಹೀಗೆ ಸಾಗುತ್ತದೆ ಅದರ ಪಾಠ. ಪದಗಳನ್ನೇ ನಂಬಿ ಬದುಕುವ ನಮ್ಮಂಥ ಕತೆಗಾರರಿಗೆ ಇದು ಮೆಚ್ಚಿಗೆಯಾಗಬೇಕಾದ ಪುಸ್ತಕವೇ. ಒಂದು ವಿಶೇಷಣ ಒಬ್ಬಳ ಬದುಕನ್ನು ಹೇಗೆ ಮುಗಿಸಬಲ್ಲದು ಎಂಬುದನ್ನು ದೇಶದ ದೊಡ್ಡ ನ್ಯಾಯಾಲಯವೇ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಓದಿ ಮುಗಿಸಿದಾಗ ಒಂದು ಕೊರತೆ ಕಾಡುತ್ತದೆ. ಈ ಪುಸ್ತಕದ ಮುಖ್ಯ ಗಮನವೆಲ್ಲ ನ್ಯಾಯಾಲಯಕ್ಕೆ ದೂರು ತಂದವಳ ಮೇಲೆ, ನೊಂದವಳ ಮೇಲೆ, ಕಟಕಟೆಯಲ್ಲಿ ನಿಂತವಳ ಮೇಲೆ. ಅವಳ ಬಗ್ಗೆ ತೀರ್ಪು ಹೇಗೆ ಮಾತಾಡಬೇಕು ಎಂಬುದು ಅದರ ಚಿಂತೆ. ಹೆಣ್ಣು ತಾನೇ ವಾದಿಸುವವಳಾದಾಗ, ತೀರ್ಪು ಬರೆಯುವವಳಾದಾಗ ಆ ವೃತ್ತಿ ಅವಳನ್ನು ಯಾವ ಪದಗಳಿಂದ ಹೊರಗಿಟ್ಟಿತು ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಆ ಚರಿತ್ರೆಯೂ ಒಂದು ಪದದಿಂದಲೇ ಶುರುವಾಗುತ್ತದೆ. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ತನ್ನನ್ನು ಪ್ಲೀಡರ್ ಆಗಿ ನೋಂದಾಯಿಸಿಕೊಳ್ಳಿ ಎಂದು ಅರ್ಜಿ ಹಾಕಿದರು. 1879ರ ಕಾಯಿದೆಯಲ್ಲಿ ಹೆಂಗಸರಿಗೆ ಅವಕಾಶವಿಲ್ಲವೆಂದು ಎಲ್ಲಿಯೂ ಬರೆದಿರಲಿಲ್ಲ. ಅಲ್ಲಿದ್ದುದು 'ವ್ಯಕ್ತಿ' ಎಂಬ ಪದ. ಪುಲ್ಲಿಂಗದ ಪದಗಳು ಸ್ತ್ರೀಯನ್ನೂ ಒಳಗೊಳ್ಳುತ್ತವೆ ಎಂಬ ಸಾಮಾನ್ಯ ನಿಯಮವೂ ಇತ್ತು. ಹಾಗಿದ್ದೂ ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಾಧೀಶರ ಪೀಠ ಈ ವೃತ್ತಿಯ ಮಟ್ಟಿಗೆ 'ವ್ಯಕ್ತಿ' ಎಂದರೆ ಗಂಡಸು ಎಂದೇ ತೀರ್ಮಾನಿಸಿತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೆ ಪಾಟ್ನಾ ಹೈಕೋರ್ಟು ಕೊಟ್ಟ ಉತ್ತರವೂ ಅದೇ. ಕಾರ್ನೀಲಿಯಾ ಸೊರಾಬ್ಜಿಯವರ ಕತೆ ಇನ್ನೂ ವಿಚಿತ್ರ. 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕುಳಿತಿದ್ದ ಅವರನ್ನು ಸರಕಾರ 1904ರಿಂದ ಪರದೆಯೊಳಗಿನ ಹೆಂಗಸರ ಆಸ್ತಿಪಾಸ್ತಿಯ ಸಲಹೆಗಾರ್ತಿಯಾಗಿ ಬಳಸಿಕೊಂಡಿತು. ಜನಾನಾದ ಒಳಗೆ ಹೋಗಿ ಕಷ್ಟ ಕೇಳಲು ಅವರು ಬೇಕು. ಅದೇ ಕಷ್ಟವನ್ನು ನ್ಯಾಯಾಲಯದಲ್ಲಿ ನಿಂತು ವಾದಿಸಲು ಬೇಡ! ಕೊನೆಗೆ 1921ರಲ್ಲಿ ಅಲಹಾಬಾದ್ ಹೈಕೋರ್ಟು ಅವರನ್ನು ವಕೀಲರೆಂದು ನೋಂದಾಯಿಸಿಕೊಂಡಿತು. 1923ರ ಕಾಯಿದೆ ಬಂದ ಮೇಲಷ್ಟೇ ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದಾಯಿತು.

ಕಾಯಿದೆ ಬಾಗಿಲು ತೆರೆದು ನೂರು ವರ್ಷ ದಾಟಿತು. ಒಳಗೆ ಯಾರು ಎಲ್ಲಿ ಕುಳಿತಿದ್ದಾರೆ? ಸುಪ್ರೀಂ ಕೋರ್ಟಿನದೇ 2023ರ ವರದಿಯ ಪ್ರಕಾರ ಜಿಲ್ಲಾ ಮಟ್ಟದ ನ್ಯಾಯಾಂಗದಲ್ಲಿ ಮಹಿಳೆಯರು ಶೇ. 36.3. ಹೈಕೋರ್ಟುಗಳಿಗೆ ಬಂದರೆ 2025ರಲ್ಲಿ ಸುಮಾರು ಶೇ. 14. ಸುಪ್ರೀಂ ಕೋರ್ಟಿಗೆ 1989ರಿಂದ 2021ರವರೆಗೆ ಬಂದ ಮಹಿಳೆಯರು ಒಟ್ಟು 11 ಮಂದಿ. 2025ರ ಜೂನ್‌ನಲ್ಲಿ ಬೇಲಾ ತ್ರಿವೇದಿ ನಿವೃತ್ತರಾದಾಗ ಅಲ್ಲಿ ಉಳಿದವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಒಬ್ಬರೇ.

ಹೆಣ್ಣಿಗೆ ಸಾಮರ್ಥ್ಯ ಸಾಲದು ಎನ್ನುವವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಜಿಲ್ಲಾ ಮಟ್ಟದಲ್ಲಿ ನೇಮಕವಾಗುವುದು ಹೆಚ್ಚಾಗಿ ಪರೀಕ್ಷೆಯಿಂದ. ಉತ್ತರ ಪತ್ರಿಕೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಮೇಲಕ್ಕೆ ಹೋದಂತೆ ಪರೀಕ್ಷೆ ಇಲ್ಲ. ಹಿರಿಯರು ಗುರುತಿಸಬೇಕು, ಹೆಸರು ಸೂಚಿಸಬೇಕು, ದೊಡ್ಡ ಕೇಸು ಕೈಗೆ ಕೊಡಬೇಕು. ಯಾರೋ ಗುರುತಿಸಬೇಕಾದ ಕಡೆಯಲ್ಲೆಲ್ಲ ಹೆಣ್ಣು ಕಾಣದಾಗುತ್ತಾಳೆ. ಸುಪ್ರೀಂ ಕೋರ್ಟು ಒಬ್ಬ ಮಹಿಳೆಯನ್ನು ಹಿರಿಯ ವಕೀಲೆ ಎಂದು ಮೊದಲ ಬಾರಿ ಗುರುತಿಸಿದ್ದು 1977ರಲ್ಲಿ, ಲೀಲಾ ಸೇಠ್ ಅವರನ್ನು. ಎರಡನೆಯವರಾದ ಇಂದು ಮಲ್ಹೋತ್ರಾ ಅವರ ಸರದಿ ಬಂದದ್ದು 2007ರಲ್ಲಿ. ಮೂವತ್ತು ವರ್ಷ ಆ ನ್ಯಾಯಾಲಯದ ಕಣ್ಣಿಗೆ ಇನ್ನೊಬ್ಬಳು ಬೀಳಲಿಲ್ಲವೆಂದರೆ ತಪ್ಪು ಯಾರ ಕಣ್ಣಿನದು? 2024ರ ಜನವರಿಯಲ್ಲಿ ಒಂದೇ ಸಲಕ್ಕೆ 11 ಮಹಿಳೆಯರಿಗೆ ಆ ಮನ್ನಣೆ ಸಿಕ್ಕಿತು. ಅದಕ್ಕೆ ಹಿಂದಿನ 74 ವರ್ಷಗಳಲ್ಲಿ ಸಿಕ್ಕಿದ್ದು 12 ಮಂದಿಗೆ.

ಫಾತಿಮಾ ಬೀವಿಯವರ ಬದುಕನ್ನು ಈ ಬೆಳಕಿನಲ್ಲಿ ಓದಬೇಕು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶರು ಮುಸ್ಲಿಮರು ಎಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರು ನಡೆದ ದಾರಿಯನ್ನು ಹೇಳುವುದಿಲ್ಲ. ಕೇರಳದ ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದ ಅವರಿಗೆ ಕಾನೂನು ಓದು ಎಂದವರು ತಂದೆ. ಅದೇ ನಾಡಿನಲ್ಲಿ ಅನ್ನಾ ಚಾಂಡಿ 1937ರಲ್ಲೇ ಮುನ್ಸೀಫರಾಗಿದ್ದರಿಂದ ಕಣ್ಣೆದುರಿಗೆ ಒಂದು ಮಾದರಿ ಇತ್ತು. ಫಾತಿಮಾ ಬೀವಿ 1950ರಲ್ಲಿ ವಕೀಲರಾದರು, 1958ರಲ್ಲಿ ಮುನ್ಸೀಫ್, 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್, 1989ರಲ್ಲಿ ಸುಪ್ರೀಂ ಕೋರ್ಟ್. ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಹತ್ತಿದವರು ಅವರು. ವಕೀಲಿಕೆಯಿಂದ ನೇರವಾಗಿ ಒಬ್ಬ ಮಹಿಳೆಯನ್ನು ಅಲ್ಲಿಗೆ ಕರೆಯಲು 2018ರವರೆಗೆ ಕಾಯಬೇಕಾಯಿತು. ಅವರು ಅದೇ ಇಂದು ಮಲ್ಹೋತ್ರಾ. ಫಾತಿಮಾ ಬೀವಿ 2023ರ ನವೆಂಬರ್‌ನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೂ ಆ ಪೀಠಕ್ಕೆ ಎರಡನೆಯ ಮುಸ್ಲಿಂ ಮಹಿಳೆ ಬಂದಿರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ನಮ್ಮ ಮನೆಗಳಲ್ಲಿ 'ವಕೀಲ್' ಎಂಬ ಪದ ಕೋರ್ಟಿಗಿಂತ ಮೊದಲು ಕಿವಿಗೆ ಬೀಳುವುದು ನಿಕಾಹದಲ್ಲಿ. ಇಬ್ಬರು ಸಾಕ್ಷಿಗಳೊಡನೆ ಒಳಕೋಣೆಗೆ ಹೋಗಿ, ಮದುಮಗಳ ಒಪ್ಪಿಗೆ ಕೇಳಿಕೊಂಡು, ಹೊರಗೆ ಮಜ್ಲಿಸಿನಲ್ಲಿ ಅದನ್ನು ತಿಳಿಸುವ ಗಂಡಸು ವಕೀಲ್. ಒಪ್ಪಿಗೆ ಅವಳದು, ಮಾತು ಅವನದು. ಆ ವ್ಯವಸ್ಥೆಗೆ ಅದರದೇ ಕಾರಣಗಳಿರಬಹುದು. ಆದರೆ ಬದುಕಿನ ಉಳಿದೆಲ್ಲ ಸಂಗತಿಗಳಿಗೂ ನಾವು ಅದನ್ನೇ ಹಬ್ಬಿಸಿಕೊಂಡಿದ್ದೇವೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ನೆನಪಿಸಿಕೊಳ್ಳಿ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯ ಬೇಡುತ್ತಾಳೆ. ಅವಳಿಗೆ ದೂರಿದೆ, ಹಕ್ಕೇನೆಂದು ಹೇಳಿಕೊಡುವ ಇನ್ನೊಬ್ಬ ಹೆಣ್ಣೂ ಇದ್ದಾಳೆ. ನ್ಯಾಯ ಹೇಳುವ ಜಾಗದಲ್ಲಿ ಮಾತ್ರ ಹೆಣ್ಣಿಲ್ಲ. ಹಾಸನದಲ್ಲಿ ಸ್ವತಃ ವಕೀಲಿಕೆ ಮಾಡಿದ ಲೇಖಕಿ ಬರೆದ ಕತೆ ಇದು ಎಂಬುದನ್ನು ಮರೆಯಬಾರದು. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಹೂಹಾರ ಹಾಕಿದ ನಾವು ಆ ಖಾಲಿ ಜಾಗವನ್ನು ನೋಡಿದೆವೇ?

ಪರಿಹಾರಗಳು ಬರುತ್ತಿಲ್ಲವೆಂದಲ್ಲ. ದೇಶದ ನ್ಯಾಯಾಲಯ ಸಂಕೀರ್ಣಗಳಲ್ಲಿ ಶೇ. 26ರಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲ ಎಂದು 2021ರಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ ಹೇಳಿದ್ದರು. ಎಲ್ಲ ನ್ಯಾಯಾಲಯಗಳಲ್ಲೂ ಅದನ್ನು ಒದಗಿಸಬೇಕೆಂಬ ಆದೇಶ 2025ರ ಜನವರಿಯಲ್ಲಿ ಬಂತು. ಅದೇ ತಿಂಗಳು ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನ ಮಹಿಳೆಗೆ ಮೀಸಲಾಯಿತು. ರಾಜ್ಯ ವಕೀಲರ ಪರಿಷತ್ತುಗಳಲ್ಲಿ ಶೇ. 30 ಸ್ಥಾನ ಮಹಿಳೆಯರಿಗೆ ಸಿಗಬೇಕೆಂದು 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂದು ಪಾಲು ಚುನಾವಣೆಯಿಂದ, ಉಳಿದದ್ದು ನಾಮಕರಣದಿಂದ. ಇವೆಲ್ಲ ಬೇಕು. ಆದರೆ ಕುರ್ಚಿ ಸಿಕ್ಕ ಮಾತ್ರಕ್ಕೆ ಕಕ್ಷಿದಾರ ಬರುವುದಿಲ್ಲ. ರಾತ್ರಿ ಒಂಬತ್ತರವರೆಗೂ ತೆರೆದಿರುವ ಸೀನಿಯರ್ ಆಫೀಸಿನಲ್ಲಿ ಜೂನಿಯರ್ ಹುಡುಗಿ ಕೆಲಸ ಕಲಿಯಬೇಕು, ಹೆರಿಗೆಗೆ ಹೋಗಿ ಬಂದ ಮೇಲೆ ಅವಳ ಕೇಸುಗಳು ಅವಳಿಗೇ ಉಳಿದಿರಬೇಕು. ಇದನ್ನು ಯಾವ ಕೈಪಿಡಿಯೂ ಬರೆದುಕೊಡುವುದಿಲ್ಲ.

ನಮ್ಮ ಜಮಾತುಗಳಿಗೂ ಒಂದು ಮಾತು ಹೇಳಬೇಕಾಗಿದೆ. ಊರಿನ ಹುಡುಗಿ ಎಲ್‌ಎಲ್‌ಬಿ ಮುಗಿಸಿದಾಗ ಸನ್ಮಾನ ಮಾಡುತ್ತೇವೆ. ಆಮೇಲೆ ಜೀವನಾಂಶದ ಕೇಸು ಬಂದರೆ ಅವಳ ಹತ್ತಿರ ಹೋಗಿ ಎಂದು ಹೆಂಗಸರನ್ನು ಕಳಿಸುತ್ತೇವೆ. ಮಸೀದಿಯ ಜಮೀನಿನ ದಾವೆಯನ್ನು ಮಾತ್ರ ಪಟ್ಟಣದ ಗಂಡಸು ವಕೀಲರಿಗೆ ಒಪ್ಪಿಸಿ ಬರುತ್ತೇವೆ. ಅಂಥದೊಂದು ದಾವೆಯ ವಕಾಲತ್ತಿಗೆ ಮುತವಲ್ಲಿ ಸಾಹೇಬರು ಸಹಿ ಹಾಕಿ, ಕಡತವನ್ನು ಅವಳ ಮೇಜಿನ ಮೇಲೆ ಇಡಲಿ. ಸನ್ಮಾನದ ಶಾಲು ಬೇಕಾದರೆ ಆಮೇಲೆ ಹೊದಿಸಬಹುದು.