ಮುಳ್ಳಿಗೇಕೆ ಶಿಕ್ಷೆ?

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದುರಸ್ತಿಗೆ ನಿಂತಿರುವಾಗ ಒಂದು ದೂರು ಕೇಳಿಬರುವುದು ವಾಡಿಕೆ: ಚುಕ್ಕಾಣಿ ನೆಟ್ಟಗಿದೆ, ಅದರ ಕೋನ ತೋರಿಸುವ ಇಂಡಿಕೇಟರ್ ಮುಳ್ಳು ಮಾತ್ರ ಬಲಕ್ಕೆ ಅಂಟಿಕೊಂಡಿದೆ. ಹೊಸ ಮೀಟರ್ ಹಾಕಿಸಿದ್ದೂ ಆಯಿತು. ಈಗ ಎಡಕ್ಕೆ ಅಂಟಿಕೊಂಡಿದೆ.

ಇದು ‘ಬದಲಿಸು ಪಂಥ’ದ ಪ್ರತಾಪ. ಇವರೊಂದಿಗೆ ನನ್ನ ಜಗಳ ಹಳೆಯದು. ಚುಕ್ಕಾಣಿಯ ತಿರುವನ್ನು ಮೀಟರಿಗೆ ತಿಳಿಸುವ ಸೆಂಡರಿನ ತಂತಿಯನ್ನು ಮೀಟರಿನ ಹಿಂದೆ ಬಿಚ್ಚಿ ನೋಡಿ, ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ಟರ್ಮಿನಲ್ಲನ್ನು ಅರ್ತ್‌ಗೆ ತಾಗಿಸಿದರೆ ಇನ್ನೊಂದು ತುದಿಗೆ ಓಡಬೇಕು. ಓಡಿತೇ? ಮೀಟರ್ ನಿರಪರಾಧಿ. ಚುಕ್ಕಾಣಿಯ ಬುಡದಲ್ಲಿ ಬಗ್ಗಿ ಕೂರಲು ಸೋಮಾರಿತನ ಇರುವವರೇ ಮೀಟರ್ ಮಾರಿ ಬದುಕುತ್ತಾರೆ.

ಹೊಸ ಮೀಟರಿನಿಂದ ರೋಗ ಉಲ್ಬಣಿಸುವುದೂ ಉಂಟು. ಅಮೆರಿಕದ ಪದ್ಧತಿಯ ಸೆಂಡರ್ 240ರಿಂದ 33 ಓಮ್‌ಗಳ ನಡುವೆ ಆಡುತ್ತದೆ, ಯುರೋಪಿನದು 10ರಿಂದ 180. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಕಟ್ಟಿದರೆ ಮುಳ್ಳು ಏನು ತೋರಿಸಿದರೂ ಸುಳ್ಳೇ. ಡಬ್ಬಿಯ ಮೇಲಿನ ಅಂಕಿ ಓದದೆ ಹಣ ಕೊಡಬೇಡಿ.

ಸೆಂಡರ್ ಒಳಗಿನ ಸವೆತ ಇನ್ನೂ ಸ್ವಾರಸ್ಯಕರ. ಚುಕ್ಕಾಣಿ ಹೆಚ್ಚು ಹೊತ್ತು ಇರುವುದು ನಡುವಿನ ಆಸುಪಾಸಿನಲ್ಲೇ, ಹಾಗಾಗಿ ಒಳಗಿನ ಪಟ್ಟಿ ಸವೆಯುವುದೂ ಅಲ್ಲೇ. ಮುಳ್ಳು ತುದಿಗಳಲ್ಲಿ ಸಭ್ಯ, ನಡುವೆ ಬಂದರೆ ನಡುಕ. ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದು, ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸಿ. ಅಂಕಿ ಜಾರುತ್ತ ಹೋಗಬೇಕು, ಜಿಗಿಯಬಾರದು. ಅದಕ್ಕೂ ಮೊದಲು ಅರ್ತ್ ಜಾಯಿಂಟು: ಉಪ್ಪುನೀರು ಕುಡಿದ ತಾಮ್ರ ಹಸಿರು ಪುಡಿಯಾಗಿ ಉದುರುತ್ತಿದ್ದರೆ ಕತ್ತರಿಸಿ ಹೊಸ ಲಗ್ ಹಾಕಿ. ಸೆಂಡರಿನ ಕೋಲಿನ ನಟ್ಟು ಸಡಿಲವಾಗಿದ್ದರೂ ಇದೇ ನಾಟಕ.

ಮುಳ್ಳಿಲ್ಲದೆಯೂ ನಡು ತಿಳಿಯಲು ಸರಪಳಿ ಸ್ಟಿಯರಿಂಗಿನವರು ಚಕ್ರದ ಒಂದು ಹಿಡಿಗೆ ನೈಲಾನ್ ದಾರ ಸುತ್ತಿ ಗುರುತು ಮಾಡಿಕೊಳ್ಳುತ್ತಾರೆ. ಹೈಡ್ರಾಲಿಕ್‌ನಲ್ಲಿ ಈ ಜಾಣ್ಮೆ ನಡೆಯದು. ಪಂಪಿನಲ್ಲಿ ಎಣ್ಣೆ ಅಷ್ಟಿಷ್ಟು ನುಸುಳುತ್ತ ಹೋಗಿ ಇಂದಿನ ನಡು ನಾಳೆ ನಡುವಾಗಿರುವುದಿಲ್ಲ. ಅಳಿವೆಬಾಗಿಲಿನಲ್ಲಿ ಹಿಂದಿನಿಂದ ಅಲೆ ತಳ್ಳುವಾಗ ಬೋಟು ನಡೆಸುವ ತಾಂಡೇಲನಿಗೆ ಮುಳ್ಳೇ ಗತಿ.

ಇನ್ನು ಮುಳ್ಳು ಉಲ್ಟಾ ತೋರಿಸಿದರೆ? ಎರಡೇ ತಂತಿಯ ಸೆಂಡರಿನಲ್ಲಿ ತಂತಿ ಅದಲುಬದಲು ಮಾಡಿ ಫಲವಿಲ್ಲ, ರೆಸಿಸ್ಟೆನ್ಸಿಗೆ ಎಡಬಲವಿಲ್ಲ. ಸೆಂಡರನ್ನೇ ಮಗುಚಿ ಕೂರಿಸಬೇಕು, ಇಲ್ಲವೇ ಕೋಲನ್ನು ಆಚೆ ಬದಿಗೆ ಜೋಡಿಸಬೇಕು.

ಉಲ್ಟಾ ಎಂದಾಗ ‘ಟೈಟಾನಿಕ್’ ಸಿನಿಮಾಕ್ಕೆ ಬಂದ ಆಪಾದನೆ ನೆನಪಾಗುತ್ತದೆ. ಅಧಿಕಾರಿ ಕೂಗುವುದು ಸ್ಟಾರ್‌ಬೋರ್ಡ್, ಅಂದರೆ ಬಲ; ಹಡಗು ತಿರುಗುವುದು ಎಡಕ್ಕೆ. ನಿರ್ದೇಶಕನಿಗೆ ಎಡಬಲ ಗೊತ್ತಿಲ್ಲವೆಂದು ನಕ್ಕವರಿದ್ದಾರೆ. ನಗಬೇಕಾದ್ದು ಅವರನ್ನು ನೋಡಿ. 1912ರಲ್ಲಿ ಆಜ್ಞೆ ಕೊಡುತ್ತಿದ್ದುದು ಹಡಗು ಹೋಗಬೇಕಾದ ದಿಕ್ಕಿಗಲ್ಲ, ಹಳೆಯ ಕಾಲದ ಚುಕ್ಕಾಣಿ ಕೋಲಿಗೆ. ಕೋಲು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ. ಕೋಲು ಹೋಗಿ ಚಕ್ರ ಬಂದು ಶತಮಾನಗಳಾದರೂ ಬಾಯಿ ಬದಲಾಗಿರಲಿಲ್ಲ. ಅದನ್ನು ತಿದ್ದಲು 1929ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ಬೇಕಾಯಿತು. ಅಷ್ಟು ವರ್ಷ ಆ ಗೊಂದಲದಲ್ಲೇ ಸಾಗರ ದಾಟಿದ ಚುಕ್ಕಾಣಿಗರಿಗೆ ನನ್ನದೊಂದು ಸಲಾಂ.